ಮಾವನ ನಿಂಬೆ-ಟೀ ಸೆಂಟು

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಎರಡು ಕಂತಿನಲ್ಲಿ ಹೋಗುತ್ತಾರೆ. ಮೊದಲು ಅವರ ವಾಸನೆ ಹೋಗುತ್ತದೆ, ಆಮೇಲೆ ಅವರು ಹೋಗುತ್ತಾರೆ! ಈ ಎರಡು ಕಂತಿನ ನಡುವೆ ಸಿಗುವ ಬಿಡುವಿನಲ್ಲಿ ನೀವು ಸೋಫಾ ಮೇಲಿನ ಒಗೆದ ಬಟ್ಟೆಯ ಗುಡ್ಡೆಯನ್ನು ರೂಮಿಗೆ ಸಾಗಿಸಬಹುದು, ತಲೆ ಬಾಚಿಕೊಳ್ಳಬಹುದು, ಟೀಗೆ ನೀರಿಡಬಹುದು. ನೀರಿಡದಿದ್ದರೂ ನಷ್ಟವಿಲ್ಲ. ಟೀ ವಾಸನೆಯನ್ನು ಅವರೇ ಮೈಗೆ ಹಚ್ಚಿಕೊಂಡು ಬಂದಿರುತ್ತಾರೆ.

ಉತ್ಪ್ರೇಕ್ಷೆ ಅಂದುಕೊಂಡಿರಾ? ಹಾಗಾದರೆ ರಾಮನಗರದ ನಮ್ಮ ಬೀದಿಗೆ ಬಂದು ಯಾರನ್ನಾದರೂ ಕೇಳಿ. ಮಾವ ಬಸ್ಸಿಳಿದು ನಡೆದು ಬರುವಾಗ ಪಕ್ಕದ ಮನೆಯ ಆಂಟಿ ಕಾಂಪೌಂಡಿನಿಂದಲೇ ಕೂಗುತ್ತಾರೆ.

"ಟೀಚರ್, ನಿಮ್ಮ ಮಾವ ಬತ್ತಾವ್ರೆ!"

"ಎಲ್ಲಿ ಆಂಟಿ, ಕಾಣ್ತಾನೇ ಇಲ್ವಲ್ಲ?"

"ಇನ್ನೂ ತಿರುವಿನಲ್ಲಿ ಅವ್ರೆ ಅನ್ಸುತ್ತೆ. ನಿಂಬೆಹಣ್ಣು ಬಂತು, ಟೀ ಇನ್ನೂ ಬಂದಿಲ್ಲ."

ಆಂಟಿಯ ಲೆಕ್ಕ ಇದುವರೆಗೂ ತಪ್ಪಿಲ್ಲ. ಯಾಕೆಂದರೆ ಮಾವನ ಸೆಂಟಿಗೆ ಒಂದು ಕ್ರಮ ಇದೆ. ಅದು ಮದುವೆಮನೆಯ ಗಂಡಸರು ಪುಸ್ ಪುಸ್ ಅಂತ ಹೊಡೆದುಕೊಂಡು ಪಕ್ಕದವರಿಗೆ ತಲೆನೋವು ತರಿಸುವಂಥ ಸೆಂಟಲ್ಲ. ಬಹಳ ತೆಳು. ಮೊದಲು ನಿಂಬೆಹಣ್ಣಿನ ಸಿಪ್ಪೆಯನ್ನು ಉಗುರಿನಲ್ಲಿ ಚಿವುಟಿದ ಹಾಗೆ ಒಂದು ಘಮ. ಅದರ ಬೆನ್ನಿಗೇ ಒಂದು ಚೂರು ಕಿತ್ತಳೆ. ಅದೂ ಸರಿದ ಮೇಲೆ, ಸೌದೆ ಒಲೆಯ ಹೊಗೆ ಕುಡಿದು ಕುದ್ದ ಕರಿ ಟೀ. ಇಷ್ಟೆಲ್ಲ ವೈಭವ ಯಾರ ಮೈಮೇಲೆ ಗೊತ್ತೇ? ಮರಳವಾಡಿ ಕಡೆಯ ಒಂದು ಹಳ್ಳಿಯಲ್ಲಿ ರೇಷ್ಮೆ ಬೆಳೆಯುವ, ಅರವತ್ತು ದಾಟಿದ, ಪಂಚೆ ಉಟ್ಟು ಹವಾಯಿ ಚಪ್ಪಲಿ ಮೆಟ್ಟಿ ಹೆಗಲಿಗೆ ಟವಲ್ ಹಾಕಿಕೊಂಡ ಮನುಷ್ಯನ ಮೈಮೇಲೆ! ಕಣ್ಣಿಗೆ ಅಪ್ಪಟ ರೈತ, ಮೂಗಿಗೆ ಮಾತ್ರ ದೊಡ್ಡ ಹೋಟೆಲಿನ ಬಾಗಿಲು.

ಈ ಸೆಂಟು ಮಾವನ ಬದುಕಿಗೆ ಕಾಲಿಟ್ಟಿದ್ದು ಅವರ ಮಗಳಿಂದ. ಅವಳು ಬಿಡದಿಯ ಒಂದು ಕಾರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಗೆ ಬಂದಿದ್ದ ವಿದೇಶಿ ಎಂಜಿನಿಯರಮ್ಮ ಒಬ್ಬಳು ಊರಿಗೆ ಹೊರಡುವಾಗ ಒಂದು ಪುಟ್ಟ ಬಾಟಲಿಯನ್ನು ಅವಳ ಕೈಗಿಟ್ಟು ಹೋದಳಂತೆ. ಮಗಳು ಅದನ್ನು ಮನೆಗೆ ತಂದು ಅಪ್ಪನ ಮುಂದೆ ಮುಚ್ಚಳ ತೆಗೆದಳು. ಮಾವ ಒಮ್ಮೆ ಮೂಸಿದರು, ಕಣ್ಣು ಮುಚ್ಚಿದರು. ಮುಚ್ಚಿದವರು ತೆಗೆಯಲೇ ಇಲ್ಲ! ಮಗಳು ಗಾಬರಿಯಾಗಿ ಬಿಪಿ ಮಾತ್ರೆ ಹುಡುಕಲು ಓಡಿದಳು. ಮಾತ್ರೆ ತರುವಷ್ಟರಲ್ಲಿ ಮಾವ ಕಣ್ಣು ಬಿಟ್ಟು, "ಇದು ನಿಮ್ಮವ್ವ ನಂಗೆ ಕೊಟ್ಟ ಮೊದಲ್ನೇ ಟೀ ಕಣವ್ವ" ಅಂದರಂತೆ.

ಆ ಮೊದಲನೆಯ ಟೀ ಕಥೆ ನಮ್ಮ ಮನೆತನದಲ್ಲಿ ಎಲ್ಲರಿಗೂ ಬಾಯಿಪಾಠ. ಮಾವನಿಗೆ ಹೆಣ್ಣು ನೋಡಲು ಮನೆಯವರೆಲ್ಲ ಮಾಗಡಿ ಕಡೆಗೆ ಹೋಗಿದ್ದರು. ನಮ್ಮಮ್ಮ, ಅಂದರೆ ಮಾವನ ಅಕ್ಕ, ಆ ತಂಡದ ನಾಯಕಿ. ಹೆಣ್ಣಿನ ಮನೆಯಲ್ಲಿ ಅವತ್ತೇ ಹಾಲು ಒಡೆದುಹೋಗಬೇಕೇ? ಸೌದೆಯೂ ಹಸಿ. ಒಲೆ ಉರಿಯುವ ಬದಲು ಹೊಗೆ ಕಾರುತ್ತಿದೆ. ಹುಡುಗಿ ಬುದ್ಧಿ ಓಡಿಸಿ, ಕರಿ ಟೀ ಕಾಯಿಸಿ, ಅದಕ್ಕೆ ನಿಂಬೆಹಣ್ಣು ಹಿಂಡಿ ತಂದುಕೊಟ್ಟಳು. ಅಡುಗೆಮನೆಯ ಹೊಗೆಯೆಲ್ಲ ಅವಳ ಹಿಂದೆಯೇ ನಡುಮನೆಗೆ ಬಂತು. ಯಾರಿಗೂ ಯಾರ ಮುಖವೂ ಕಾಣಲಿಲ್ಲ! ಎಲ್ಲರೂ ಕಣ್ಣೊರೆಸಿಕೊಂಡು ಕೆಮ್ಮುತ್ತಾ ವಾಪಸು ಹೊರಟಾಗ ನಮ್ಮಮ್ಮ ತಮ್ಮನನ್ನು ಕೇಳಿದಳು.

"ಏನ್ಲಾ, ಹುಡುಗಿ ಒಪ್ಗೆನಾ?"

"ಹುಡುಗಿ ಎಲ್ಲಿ ಕಾಣುಸ್ತು ಅಕ್ಕೋ? ಟೀ ಒಪ್ಗೆ."

ಹೀಗೆ ನಮ್ಮ ಮಾವ ಮದುವೆಯಾಗಿದ್ದು ಒಂದು ಲೋಟ ಟೀಯನ್ನು. ಹುಡುಗಿ ಅದರ ಜೊತೆಗೆ ಬಂದರು. ಅವರೇ ನಮ್ಮ ಅತ್ತೆ.

ಈಗ ಅತ್ತೆಯ ಮೂಗಿನ ವಿಷಯಕ್ಕೆ ಬರೋಣ. ಅದನ್ನು ಹೇಳದೆ ಮಾವನ ಸೆಂಟಿನ ವಿಷಯ ಹೇಳಿದರೆ ಉಪ್ಪಿಲ್ಲದ ಸಾರು. ರೇಷ್ಮೆ ಹುಳ ಸಾಕುವ ಮನೆಗಳನ್ನು ನೀವು ನೋಡಿದ್ದೀರೋ ಇಲ್ಲವೋ, ಅಲ್ಲಿ ಹುಳಕ್ಕೆ ನಡೆಯುವ ಮರ್ಯಾದೆ ಅಳಿಯನಿಗೂ ನಡೆಯುವುದಿಲ್ಲ. ಹುಳದ ಮನೆ ಅಂತ ಬೇರೆಯೇ ಒಂದು ಕಟ್ಟಡ. ಅದರ ಹತ್ತಿರ ಬೀಡಿ ಇಲ್ಲ, ಊದುಬತ್ತಿ ಇಲ್ಲ, ಸೊಳ್ಳೆಬತ್ತಿ ಇಲ್ಲ, ಪೌಡರಿಲ್ಲ. ಘಾಟು ವಾಸನೆ ಹುಳಕ್ಕೆ ಆಗುವುದಿಲ್ಲ, ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನೇ ಬಿಟ್ಟುಬಿಡುತ್ತದೆ ಅನ್ನುತ್ತಾರೆ. ಈ ಕಾನೂನಿಗೆ ಅತ್ತೆಯೇ ಪೊಲೀಸು, ಅತ್ತೆಯೇ ಜಡ್ಜು.

ಒಮ್ಮೆ ರೇಷ್ಮೆ ಇಲಾಖೆಯ ಸಾಹೇಬರೊಬ್ಬರು ಹುಳ ನೋಡಲು ಬಂದರು. ಇನ್ನೂ ಜೀಪಿನಿಂದ ಇಳಿದಿಲ್ಲ, ಅತ್ತೆ ಬಿಂದಿಗೆ ಹಿಡಿದುಕೊಂಡು ನಿಂತಿದ್ದರು. "ಸಾಹೇಬ್ರೇ, ಬೇಜಾರು ಮಾಡ್ಕಬ್ಯಾಡಿ. ಅಲ್ಲಿ ಒಸಿ ಮುಖ, ಕತ್ತು ತೊಳ್ಕಂಡು ಬನ್ನಿ. ನಮ್ಮ ಹುಳಕ್ಕೆ ಪೌಡ್ರು ಆಗಕ್ಕಿಲ್ಲ." ಸಾಹೇಬರು ಪಾಪ, ತೆಂಗಿನ ಮರದ ಬುಡದಲ್ಲಿ ಕೂತು ತೊಳೆದುಕೊಂಡರು.

ನನ್ನ ಗಂಡನ ಪಾಡು ಅದಕ್ಕಿಂತ ಚೆನ್ನಾಗಿತ್ತು. ಮದುವೆಯಾದ ಹೊಸತು. ಹೊಸ ಅಳಿಯನಿಗೆ ಮಾವನ ಮನೆಯಲ್ಲಿ ಬಾಡೂಟ. ಇವರು ಠೀವಿಯಿಂದ ಡಿಯೋಡರೆಂಟ್ ಹೊಡೆದುಕೊಂಡು ಹೊರಟರು. ನಾನು ಬೇಡ ಅಂದೆ, ಕೇಳಲಿಲ್ಲ. ಅಂಗಳಕ್ಕೆ ಕಾಲಿಡುತ್ತಿದ್ದ ಹಾಗೇ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡ್ಡ ಬಂದರು. "ಅಳಿಯಂದ್ರೇ, ತಪ್ಪು ತಿಳ್ಕಬ್ಯಾಡಿ. ಹುಳ ಈಗ ಜೋರಾಗಿ ಮೇಯೋ ಟೈಮು." ಅಷ್ಟು ಹೇಳಿ ದನದ ಕೊಟ್ಟಿಗೆಯಲ್ಲಿ ಕುರ್ಚಿ ಹಾಕಿಸಿದರು, ಫ್ಯಾನೂ ಇಡಿಸಿದರು, ಬಾಳೆಎಲೆ ತುಂಬ ಬಡಿಸಿದರು. ನನ್ನ ಗಂಡ ಹೊಸ ಅಳಿಯನ ಊಟವನ್ನು ಎರಡು ಹಸುಗಳ ಎದುರು ಮಾಡಿದರು. ಇವತ್ತಿಗೂ ಆ ಹಸುಗಳ ಮುಖಭಾವ ನೆನೆಸಿಕೊಂಡು ಸಿಟ್ಟಾಗುತ್ತಾರೆ.

ಅತ್ತೆಯ ಮೂಗು ಬರೀ ಪೊಲೀಸು ಮಾತ್ರ ಅಲ್ಲ, ಡಾಕ್ಟರೂ ಹೌದು. ಹುಳಕ್ಕೆ ರೋಗ ಬರುವ ಮುಂಚೆ ಸೊಪ್ಪಿನ ವಾಸನೆಯ ನಡುವೆ ಎಲ್ಲೋ ಒಂದು ಕಡೆ ಹುಳಿ ಮುಗ್ಗಲು ವಾಸನೆ ಏಳುತ್ತದಂತೆ. ನಮಗೆಲ್ಲ ಅದು ಗೊತ್ತಾಗುವ ಹೊತ್ತಿಗೆ ಅರ್ಧ ಹುಳ ಸತ್ತಿರುತ್ತದೆ. ಅತ್ತೆ ಬಾಗಿಲಲ್ಲಿ ನಿಂತೇ, "ಆ ಮೂಲೆ ಸ್ಟ್ಯಾಂಡು, ಕೆಳಗಿನ್ದು, ನೋಡಿ" ಅನ್ನುತ್ತಿದ್ದರು. ಅಕ್ಕಪಕ್ಕದ ಊರಿನ ಹೆಂಗಸರೂ ಬಂದು, "ಅಕ್ಕಾ, ಒಂದ್ಸಲ ಬಂದು ನಮ್ಮ ಹುಳ ಮೂಸ್ಬುಟ್ಟು ಹೋಗು" ಅಂತ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು.

ಇಂಥ ಮನೆಯಲ್ಲಿ, ಇಂಥ ಮೂಗಿನ ಹೆಂಗಸಿನ ಗಂಡ, ಜೀವಮಾನವಿಡೀ ಒಂದು ಚಿಟಿಕೆ ಪೌಡರನ್ನೂ ಮುಟ್ಟದ ಗಂಡ, ಅರವತ್ತರ ನಂತರ ಸೆಂಟು ಹಾಕಿಕೊಳ್ಳಲು ಶುರು ಮಾಡಿದರೆ ಏನಾಗಬೇಕು? ಕುರುಕ್ಷೇತ್ರ ಆಗಬೇಕು ತಾನೇ? ನಾವೆಲ್ಲ ಕಾದೆವು. ಬಾಟಲಿ ತಿಪ್ಪೆಗೆ ಹೋಗುತ್ತದೆ, ಹಿಂದೆಯೇ ಮಾವನೂ ಹೋಗುತ್ತಾರೆ ಅಂತ ಕಾದೆವು.

ಏನೂ ಆಗಲಿಲ್ಲ! ಅತ್ತೆ ಒಂದು ಮಾತೂ ಆಡಲಿಲ್ಲ.

ಅತ್ತೆ ಸುಮ್ಮನಿದ್ದದ್ದೇ ತಡ, ಮಾವನ ಸೆಂಟು ಊರೂರು ತಿರುಗತೊಡಗಿತು. ಒಮ್ಮೆ ಕನಕಪುರದ ಬಸ್ಸಿನಲ್ಲಿ ನಾನೂ ಜೊತೆಗಿದ್ದೆ. ಕಂಡಕ್ಟರ್ ಟಿಕೆಟ್ ಕೊಡುತ್ತಾ ಬಂದವನು ಗಕ್ಕನೆ ನಿಂತು, "ಯಾರ್ರೀ ಅದು ಫ್ಲಾಸ್ಕಿನ ಮುಚ್ಚಳ ನೆಟ್ಟಗೆ ಹಾಕದೆ ಇಟ್ಟಿರೋದು? ಟೀ ಸೋರ್ತೈತೆ!" ಅಂತ ಕೂಗಿದ. ಎಲ್ಲರೂ ಬ್ಯಾಗು ಎತ್ತಿಕೊಂಡರು. ಒಬ್ಬ ಅಜ್ಜಿ ಎರಡೂ ಕಾಲು ಸೀಟಿನ ಮೇಲಿಟ್ಟುಕೊಂಡರು. ಮಾವನೂ ಗಂಭೀರವಾಗಿ ಬಗ್ಗಿ ಸೀಟಿನ ಕೆಳಗೆಲ್ಲ ಹುಡುಕಿದರು! ಬಸ್ಸಿಳಿದ ಮೇಲೆ ನಾನು, "ಏನ್ ಮಾವ, ನೀವೇ ಅಂತ ಹೇಳಬಾರದಿತ್ತಾ?" ಅಂದೆ. "ಅಷ್ಟು ಜನ ಕಷ್ಟ ಬಿದ್ದು ಹುಡುಕ್ತಿದ್ರಲ್ಲ ಮಗ, ನಾನೊಬ್ಬ ಸುಮ್ಕೆ ಕೂತಿದ್ರೆ ಚೆಂದಾಗಿರಾಕಿಲ್ಲ ಅಂತ ಒಸಿ ಕೈ ಜೋಡುಸ್ದೆ" ಅಂದರು.

ಇನ್ನೊಮ್ಮೆ ಕಬ್ಬಾಳಿನ ದೇವಸ್ಥಾನಕ್ಕೆ ಹೋಗಿದ್ದೆವು. ಅಮ್ಮನವರಿಗೆ ನಿಂಬೆಹಣ್ಣಿನ ಹಾರ ಹಾಕಿಸುವವರು ಎಷ್ಟು ಜನ! ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸು ಮಾವನ ಬೆನ್ನು ತಟ್ಟಿ, "ಅಣ್ಣ, ಹಾರ ಹೆಂಗೆ ಕೊಟ್ಟೆ?" ಅಂತ ಕೇಳಿದಳು. ಮಾವ ತಿರುಗಿ, "ಹಾರ ಇಲ್ಲ ಕಣವ್ವ. ವಾಸ್ನೆ ಐತೆ, ಬೇಕಾದ್ರೆ ಹಂಗೇ ನಿಂತ್ಕೊ, ದುಡ್ಡು ಬ್ಯಾಡ" ಅಂದರು. ಆ ಹೆಂಗಸು ಅವರನ್ನು ಮೇಲಿಂದ ಕೆಳಗೆ ನೋಡಿ ಬೇರೆ ಸಾಲಿಗೆ ಹೋಗಿ ನಿಂತಳು.

ಚನ್ನಪಟ್ಟಣದ ಬೀಗರೂಟದಲ್ಲಂತೂ ನನಗೆ ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಊಟ ಮುಗಿಸಿ ಮಾವ ಶಾಮಿಯಾನದ ಕಂಬಕ್ಕೆ ಒರಗಿ ಹಲ್ಲು ಚುಚ್ಚಿಕೊಳ್ಳುತ್ತಾ ನಿಂತಿದ್ದರು. ಒಬ್ಬ ಬಂದು ಅವರ ಹಿಂದೆ ನಿಂತ. ಅವನ ಹಿಂದೆ ಇನ್ನೊಬ್ಬ. ನೋಡುನೋಡುತ್ತಿದ್ದ ಹಾಗೇ ಒಂದು ಸಾಲೇ ಬೆಳೆಯಿತು. ಕೊನೆಯಲ್ಲಿ ನಿಂತವನೊಬ್ಬ ಕೂಗಿದ, "ಏನ್ಲಾ, ಟೀ ಕೊಡಾಕೆ ಇಷ್ಟೊತ್ತಾ? ಮುಂದಕ್ಕೆ ಹೋಗ್ರಲೇ!" ಮುಂದೆ ಟೀಯೂ ಇಲ್ಲ, ಏನೂ ಇಲ್ಲ. ಮಾವ ಇದ್ದರು.

ಬಾಟಲಿ ಚಿಕ್ಕದು, ಮುಗಿದುಹೋಯಿತು. ಸದ್ಯ, ಪೀಡೆ ತೊಲಗಿತು ಅಂತ ನಾವೆಲ್ಲ ಉಸಿರು ಬಿಟ್ಟೆವು. ಬಿಟ್ಟ ಉಸಿರನ್ನು ಒಳಗೆಳೆದುಕೊಳ್ಳುವಷ್ಟರಲ್ಲಿ ಮಾವ ಸ್ವಂತ ಕಾರ್ಖಾನೆ ತೆರೆದಿದ್ದರು! ನಿಂಬೆಹಣ್ಣಿನ ಸಿಪ್ಪೆ, ಕಿತ್ತಳೆ ಸಿಪ್ಪೆ ಚಾವಣಿಯ ಮೇಲೆ ಒಣಗಿಸಿದರು. ಹುಳದ ಮನೆ ಖಾಲಿಯಿದ್ದಾಗ, ಅತ್ತೆ ತೋಟಕ್ಕೆ ಹೋದ ಹೊತ್ತು ನೋಡಿ, ಹಿತ್ತಿಲಿನಲ್ಲಿ ತೆಂಗಿನ ಚಿಪ್ಪಿಗೆ ಬೆಂಕಿ ಹಾಕಿ, ಮೇಲೆ ಜರಡಿಯಲ್ಲಿ ಟೀಪುಡಿ ಹರಡಿ, ಅದರ ಮೇಲೆ ಮಂಕರಿ ಕವುಚಿ ಹೊಗೆ ಕುಡಿಸಿದರು. ಹೊಗೆ ಎಷ್ಟು ಎದ್ದಿತೆಂದರೆ, ಹುಲ್ಲಿನ ಮೆದೆಗೆ ಬೆಂಕಿ ಬಿತ್ತು ಅಂತ ಊರಿನ ಜನ ಕೊಡ, ಬಕೆಟ್ಟು ಹಿಡಿದು ಓಡಿ ಬಂದರು.

"ಏನಾಯ್ತು ಯಜಮಾನ್ರೇ? ಎಲ್ಲಿ ಬೆಂಕಿ?"

"ಏನಿಲ್ಲ ಕಣ್ರಪ್ಪ, ಗಾಬ್ರಿ ಬ್ಯಾಡಿ. ಸೆಂಟು ಬೇಯ್ತೈತೆ."

ಇದನ್ನೆಲ್ಲ ಮೆಡಿಕಲ್ ಸ್ಟೋರಿನ ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಅದೇ ಪುಟ್ಟ ಬಾಟಲಿಗೆ ತುಂಬಿದರು. ಮೊದಲನೆಯ ಪ್ರಯತ್ನ ಥೇಟ್ ನಿಂಬೆಕಾಯಿ ಉಪ್ಪಿನಕಾಯಿ. ಅದನ್ನು ಹಾಕಿಕೊಂಡು ಡೇರಿಗೆ ಹಾಲು ಕೊಡಲು ಹೋದ ದಿನ ಎದುರುಮನೆಯ ಮೇಕೆ ಹೋಗುವಾಗಲೂ ಜೊತೆಗೆ ಹೋಯಿತು, ಬರುವಾಗಲೂ ಜೊತೆಗೆ ಬಂತು. ಆದರೆ ಮಾವ ಬಿಡುವ ಪೈಕಿಯೇ? ಒಮ್ಮೆ ಸಿಪ್ಪೆ ಕಡಿಮೆ ಮಾಡಿದರು, ಒಮ್ಮೆ ಹೊಗೆ ಜಾಸ್ತಿ ಮಾಡಿದರು, ಕೊನೆಗೂ ಆ ವಿದೇಶಿ ಬಾಟಲಿಯ ವಾಸನೆಯ ಮಗ್ಗುಲಿಗೆ ತಂದು ನಿಲ್ಲಿಸಿದರು. ಇಷ್ಟಾದರೂ ಅತ್ತೆಯದು ಅದೇ ಮೌನ.

ಈ ಮೌನ ನಮ್ಮಮ್ಮನ ತಲೆ ಕೆಡಿಸಿತು. ಯಾಕೆಂದರೆ ಅತ್ತೆ ಆಗ ಸೊರಗಿದ್ದರು. ಊಟ ಕಡಿಮೆ, ಮಾತು ಕಡಿಮೆ. ಹುಳ ಮೂಸಲು ಕರೆದವರಿಗೆಲ್ಲ ಮಂಡಿನೋವು ಅಂತ ಹೇಳಿ ಕಳಿಸುತ್ತಿದ್ದರು. ಬಾಡೂಟ ಮಾಡಿದರೆ ರುಚಿ ನೋಡದೆ ಬಡಿಸಿಬಿಡುತ್ತಿದ್ದರು. ಒಂದು ಸಲ ಸಾರಿಗೆ ಉಪ್ಪೇ ಇರಲಿಲ್ಲ, ಇನ್ನೊಂದು ಸಲ ಎರಡು ಸಲ ಬಿದ್ದಿತ್ತು. ಅಮ್ಮ ತೀರ್ಪು ಕೊಟ್ಟೇಬಿಟ್ಟಳು. "ಪಾಪ ಕಣೇ ಅವ್ಳು! ಇವ್ನ ಸೆಂಟು ತಡ್ಕಳಾಕಾಗದೆ, ಬಾಯಿ ಬುಟ್ಟು ಹೇಳಾಕೂ ಆಗದೆ, ಒಳಗೊಳಗೇ ಸವೀತಾವ್ಳೆ. ಇವ್ನಿಗೆ ಬುದ್ಧಿ ಕಲಿಸ್ದಿದ್ರೆ ನಾನು ಅವ್ನ ಅಕ್ಕನೇ ಅಲ್ಲ."

ದಸರಾ ರಜಕ್ಕೆ ಅಮ್ಮನೂ ನಾನೂ ಬ್ಯಾಗು ಕಟ್ಟಿಕೊಂಡು ಹಳ್ಳಿಗೆ ಇಳಿದೆವು. ಅಲ್ಲಿ ಬೆಳಿಗ್ಗೆ ನಾನು ಕಂಡ ದೃಶ್ಯ ನೋಡಿದರೆ ಮಾವನಿಗೆ ಬುದ್ಧಿ ಕಲಿಸುವುದಲ್ಲ, ಬುದ್ಧಿ ಹುಡುಕಿಕೊಡಬೇಕು ಅನ್ನಿಸಿತು. ಮಾವ ಸೀಗೆಪುಡಿ ಹಚ್ಚಿ ಮೈಯೆಲ್ಲ ಉಜ್ಜಿ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಹುಳದ ಮನೆಗೆ ನುಗ್ಗಿದರು. ಒಂದೊಂದು ಸ್ಟ್ಯಾಂಡಿನ ಮುಂದೆಯೂ ಬಗ್ಗಿ, ಹುಳಗಳ ಮೇಲೆ ಮೂಗಿಟ್ಟು, ಪೊಲೀಸು ನಾಯಿಯ ಹಾಗೆ ಮೂಸಿದರು! ಹಿಂದೆ ಅತ್ತೆ ಕೈಕಟ್ಟಿಕೊಂಡು ನಿಂತಿದ್ದಾರೆ, ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾದ ಹುಡುಗಿಯ ಹಾಗೆ. ಮಾವ ಎದ್ದು ನಿಂತು, ಎಲ್ಲ ಸರಿಯಿದೆ ಅನ್ನುವ ಹಾಗೆ ತಲೆಯಾಡಿಸಿದರು. ಅತ್ತೆ ಸೊಪ್ಪು ಹಾಕಲು ಶುರು ಮಾಡಿದರು.

ಅದು ಮುಗಿಯಿತು. ಮಾವ ಹೊರಗೆ ಬಂದು, ಅಂಗಳದ ಆಚೆ ತುದಿಯಲ್ಲಿ ನಿಂತು, ಕತ್ತಿಗೂ ಮಣಿಕಟ್ಟಿಗೂ ಸೆಂಟು ಹಚ್ಚಿಕೊಂಡರು. ಅತ್ತೆ ಅಡುಗೆಮನೆಗೆ ಬಂದು ರೊಟ್ಟಿ ತಟ್ಟಲು ಕೂತ ಮೇಲೆ ಬಾಗಿಲಲ್ಲಿ ಬಂದು ನಿಂತರು. ಗಂಟಲು ಸರಿಮಾಡಿಕೊಂಡರು. ಅತ್ತೆ ತಲೆಯೆತ್ತದೆ, "ಏನು?" ಅಂದರು.

"ಏನಿಲ್ಲ" ಅಂದರು ಮಾವ. ಸ್ವಲ್ಪ ಹೊತ್ತು ನಿಂತು, ಹೊರಟುಹೋದರು.

ಮಾರನೆಯ ದಿನವೂ ಇದೇ ನಾಟಕ. ಮೂಸುವುದು, ಸೆಂಟು, ಬಾಗಿಲು, ಏನು, ಏನಿಲ್ಲ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಅಮ್ಮನಿಗೆ ಮಾತ್ರ ನಗು ಬರಲಿಲ್ಲ. ಜಗಲಿಯ ಮೇಲೆ ಪಂಚಾಯ್ತಿ ಸೇರಿಸಿದಳು.

"ಲೋ, ನಿಂಗೆ ನಾಚ್ಕೆ ಆಗಲ್ವೇನೋ? ಈ ವಯಸ್ನಲ್ಲಿ ಟೀ ಅಂಗಡಿ ಮೈಮ್ಯಾಲೆ ಆಕ್ಕಂಡು ತಿರುಗ್ತೀಯಲ್ಲ! ಆ ಹೆಣ್ಣು ಒಣಗ್ಕಂಡು ಹೋಯ್ತಾ ಐತೆ. ಬುಡೋ ಅದನ್ನ."

"ಬುಡ್ತೀನಿ ಕಣಕ್ಕ."

"ಯಾವಾಗ?"

"ಅವ್ಳು ಬೈಲಿ. ಅವ್ಳೇ ಅವ್ಳ ಬಾಯಲ್ಲಿ, 'ಏನ್ರೀ ಈ ವಾಸ್ನೆ' ಅಂತ ಬೈಲಿ. ಅವತ್ತೇ ತೊಳ್ಕಂಡು ಬಾಟ್ಲಿ ಬಿಸಾಕ್ತೀನಿ. ನಮ್ಮವ್ವನಾಣೆ."

ಇಷ್ಟೇನಾ! ಬೈಸುವುದೇನು ಮಹಾ ಕಷ್ಟದ ಕೆಲಸ? ಗಂಡನನ್ನು ಬೈಯಲು ಹೆಂಡತಿಗೆ ಟ್ರೈನಿಂಗ್ ಕೊಡಬೇಕಾದ ಮೊದಲ ಮನೆ ಇದೇ ಇರಬೇಕು. ಅಮ್ಮನೂ ನಾನೂ ಅಡುಗೆಮನೆಗೆ ನುಗ್ಗಿದೆವು. ಅತ್ತೆ ಮೊದಲು, "ಬುಡು ಮಗ, ನಂಗೇನೂ ತೊಂದ್ರೆ ಇಲ್ಲ, ಅವ್ರ ಖುಷಿ ಅವ್ರಿಗೆ" ಅಂತ ಜಾರಿಕೊಂಡರು. ನಾವು ಬಿಡಲಿಲ್ಲ. ನಾಳೆ ಬಾಗಿಲಲ್ಲಿ ಬಂದು ನಿಂತಾಗ ಒಂದೇ ಒಂದು ಸಲ ಬೈದುಬಿಡಿ, ಎಲ್ಲ ತೀರಿಹೋಗುತ್ತದೆ ಅಂತ ಗೋಗರೆದೆವು. ಕೊನೆಗೆ ಅತ್ತೆ ತಲೆಯಾಡಿಸಿದರು.

ಮಾರನೆಯ ಬೆಳಿಗ್ಗೆ ಮಾವ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ನಾವಿಬ್ಬರೂ ರಾಗಿ ಡ್ರಮ್ಮಿನ ಹಿಂದೆ. ಅತ್ತೆ ಕೈಯಲ್ಲಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿ, ನಾವು ಹೇಳಿಕೊಟ್ಟ ಹಾಗೆ, "ಏನ್ರೀ ಇದು ವಾಸ್ನೆ, ಮನೇಲಿ ಇರಾಕಾಗಲ್ಲ!" ಅಂದರು.

ಮಾವನ ಮುಖ ಬಲ್ಬು ಹಾಕಿದ ಹಾಗೆ ಹೊತ್ತಿಕೊಂಡಿತು. ಎರಡು ಹೆಜ್ಜೆ ಮುಂದೆ ಬಂದರು. "ಹೌದಾ? ಬತ್ತೈತಾ? ಎಂಥಾ ವಾಸ್ನೆ? ಹೇಳು ನೋಡಾನ?"

ಇದನ್ನು ನಾವು ಹೇಳಿಕೊಟ್ಟಿರಲಿಲ್ಲ! ಅತ್ತೆ ತಡವರಿಸಿದರು. ಡ್ರಮ್ಮಿನ ಕಡೆ ನೋಡಿದರು. ನಾನು ಸನ್ನೆ ಮಾಡುವ ಮೊದಲೇ, "ಅದೇ... ಮಲ್ಲಿಗೆ ಹೂವಿನ್ದು" ಅಂದರು.

ನಾನು ಕಿಸಕ್ಕನೆ ನಕ್ಕುಬಿಟ್ಟೆ. ಊರಿಗೆಲ್ಲ ಟೀ ಹಂಚುವ ಮಾವನಿಗೆ ಮಲ್ಲಿಗೆಯೇ? ಅತ್ತೆ ಚೆನ್ನಾಗಿ ಕಾಲೆಳೆದರು ಅಂತಲೇ ನನ್ನ ಲೆಕ್ಕ. ಆದರೆ ಮಾವನ ಮುಖದ ಬಲ್ಬು ಆರಿಹೋಯಿತು. "ಹೂಂ ಕಣಮ್ಮಿ, ಮಲ್ಲಿಗೆನೇ" ಅಂತ ಮೆಲ್ಲಗೆ ಹೇಳಿ ಹಿತ್ತಿಲಿಗೆ ನಡೆದರು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಕಪ್ಪಗಾಗುತ್ತಿತ್ತು. ನಮ್ಮ ಮೂಗಿಗೆಲ್ಲ ಘಾಟು ಹೊಡೆಯಿತು. ಅತ್ತೆ ಮಾತ್ರ ಪಕ್ಕದಲ್ಲೇ ಕೂತು ಮುಂದಿನ ರೊಟ್ಟಿ ತಟ್ಟುತ್ತಲೇ ಇದ್ದರು.

ನನ್ನ ನಗು ಅಲ್ಲೇ ನಿಂತಿತು. ಮಾವನ ಹಿಂದೆ ಹಿತ್ತಿಲಿಗೆ ಓಡಿದೆ. ಅವರು ಕರಿಬೇವಿನ ಗಿಡದ ಹತ್ತಿರ ನಿಂತು ಸುಮ್ಮನೆ ಎಲೆ ಕೀಳುತ್ತಿದ್ದರು.

"ಮಾವ, ಅತ್ತೆಗೆ ವಾಸನೆ..."

"ಇಲ್ಲ ಕಣ್ ಮಗ. ಕೊರೊನಾ ಬಂದು ಹೋಯ್ತಲ್ಲ, ಆವಾಗಿಂದ ಇಲ್ಲ. ಎಲ್ರಿಗೂ ವಾಪಸ್ ಬಂತು, ಅವ್ಳಿಗೆ ಬರ್ಲಿಲ್ಲ. ರುಚಿನೂ ಅಷ್ಟಕ್ಕಷ್ಟೇ. ಯಾರಿಗೂ ಹೇಳ್ಬ್ಯಾಡಿ ಅಂತ ಆಣೆ ಆಕ್ಸವ್ಳೆ. ಹುಳ ಸಾಕೋಳು ಮೂಗು ಕಳ್ಕಂಡ್ರೆ ಇನ್ನೇನೈತೆ ನಂಗೆ ಅಂತ ಅಳ್ತಾಳೆ. ಅದ್ಕೇ ಬೆಳಿಗ್ಗೆ ನಾನು ಅವ್ಳ ಬದ್ಲು ಮೂಸಾದು. ನನ್ ಮೂಗು ಅಷ್ಟ್ ಚುರುಕಿಲ್ಲ, ಏನೋ ನಡೀತೈತೆ."

"ಮತ್ತೆ ಈ ಸೆಂಟು?"

ಮಾವ ಎಲೆ ಕೀಳುವುದನ್ನು ನಿಲ್ಲಿಸಿದರು. "ದಿನಾ ಒಂದೇ ವಾಸ್ನೆ ತೋರುಸ್ತಾ ಇದ್ರೆ ಮೂಗು ಎಚ್ಚರ ಆದ್ರೂ ಆಗ್ಬೈದು ಅಂದ್ರು ಡಾಕ್ಟ್ರು. ಆ ಬಾಟ್ಲಿ ಮೂಸ್ದಾಗ ಅನ್ನುಸ್ತು ಕಣವ್ವ. ಅವ್ಳಿಗೆ ಯಾವ್ದಾರ ವಾಸ್ನೆ ಮೊದ್ಲು ಬರಾದಾದ್ರೆ ಇದೇ ಬತ್ತೈತೆ ಅಂತ. ಎಂಥಾ ವಾಸ್ನೆ ಅಂತ ಅವ್ಳಿಗೆ ಹೇಳಿಲ್ಲ, ತಾನಾಗೇ ಗುರುತು ಹಿಡೀಲಿ ಅಂತ. ಬಂದ ದಿನ ಅವ್ಳು ಬೈಯ್ದೆ ಇರಾಕಿಲ್ಲ. ಅದ್ಕೇ ಕಾಯ್ತಾವ್ನಿ."

ಬಸ್ಸಿನಲ್ಲಿ ಬಗ್ಗಿ ಫ್ಲಾಸ್ಕು ಹುಡುಕಿದ ಮಾವ, ಮೇಕೆ ಹಿಂದೆ ಬಿದ್ದರೂ ಬಿಡದ ಮಾವ, ಊರಿನವರ ಕೈಲೆಲ್ಲ ನಗಿಸಿಕೊಂಡ ಮಾವ, ಇಷ್ಟು ಕಾಲ ಕಾಯುತ್ತಿದ್ದದ್ದು ಒಂದು ಬೈಗುಳಕ್ಕೆ! ನನಗೆ ಅಳು ಬಂತು. ಮಾವ ಗಾಬರಿಯಾಗಿ, "ಅಳ್ಬ್ಯಾಡ ಕಣವ್ವ, ಸ್ಪಿರಿಟ್ಟು ಒಸಿ ಜಾಸ್ತಿ ಆಗೈತೆ, ಕಣ್ಣಿಗೆ ಹೊಡೀತೈತೆ" ಅಂತ ತಾವೂ ಟವಲ್ಲಿನಿಂದ ಕಣ್ಣೊರೆಸಿಕೊಂಡರು. ಅಮ್ಮನಿಗೆ ನಾನೇ ವಿಷಯ ಹೇಳಿದೆ. ಅವಳು ಜೀವಮಾನದಲ್ಲಿ ಮೊದಲ ಸಲ ತಮ್ಮನಿಗೆ ತಾನೇ ಊಟ ಬಡಿಸಿದಳು, ಗುಟ್ಟನ್ನು ಮಾತ್ರ ಅತ್ತೆಯ ಮುಂದೆ ಬಿಟ್ಟುಕೊಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಬೆಳೆ ಗೂಡು ಕಟ್ಟಿತು. ಗೂಡು ಬಿಡಿಸುವ ದಿನ ಭಾನುವಾರ ಬಿತ್ತು, ಕೈ ಜೋಡಿಸಲು ಅಮ್ಮನೂ ನಾನೂ ಹೋದೆವು. ಬಿದಿರಿನ ಚಂದ್ರಂಕಿಗಳನ್ನು ಜಗಲಿಗೆ ತಂದು ಒರಗಿಸಿ, ಅವುಗಳಲ್ಲಿ ಹುಳ ಕಟ್ಟಿದ ಬಿಳಿ ಗೂಡುಗಳನ್ನು ಒಂದೊಂದಾಗಿ ಬಿಡಿಸಿ ಮಂಕರಿಗೆ ಹಾಕುತ್ತಿದ್ದೆವು. ಬೆಳೆ ಚೆನ್ನಾಗಿ ಬಂದಿತ್ತು. ಊರಿನ ಹೆಂಗಸರೆಲ್ಲ ಇದ್ದರು, ಬಾಯಿಗೆ ಬಿಡುವಿರಲಿಲ್ಲ. ಮಾವ ಎಂದಿನ ಹಾಗೆ ಅಂಗಳದ ತುದಿಯಲ್ಲಿ ಸೆಂಟು ಹಚ್ಚಿಕೊಂಡು ಬಂದು ಕಂಬದ ಹತ್ತಿರ ನಿಂತರು. ಗಂಟಲು ಸರಿಮಾಡಿಕೊಂಡರು. ಯಾರೂ ತಿರುಗಿ ನೋಡಲಿಲ್ಲ, ಅತ್ತೆಯೂ ನೋಡಲಿಲ್ಲ. ಮಾವ ಇನ್ನೇನು ಹೊರಡಬೇಕು.

"ಯಾರ್ರೇ ಅದು, ಟೀ ಒಲೆ ಮ್ಯಾಲಿಟ್ಟು ಬಂದು ಇಲ್ಲಿ ಮಾತಿಗೆ ಕೂತಿರಾದು?" ಅಂದರು ಅತ್ತೆ, ಗೂಡು ಬಿಡಿಸುತ್ತಲೇ. "ಹೊಗೆ ಸುತ್ಕತಾ ಐತೆ, ಹೋಗಿ ಇಳುಸ್ರಿ!"

ಒಲೆಯ ಮೇಲೆ ಟೀ ಇರಲಿಲ್ಲ. ಒಲೆಯನ್ನೇ ಹಚ್ಚಿರಲಿಲ್ಲ. ಹಾಗಂತ ಒಬ್ಬಳು ಹೇಳಿದಳು. ಅತ್ತೆಯ ಕೈ ಹಾಗೇ ನಿಂತಿತು. ಮಡಿಲಲ್ಲಿದ್ದ ಗೂಡುಗಳೆಲ್ಲ ಉರುಳಿಹೋದವು. ಮೂಗು ಮೇಲೆತ್ತಿದರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು, ಕೊನೆಗೆ ಕಂಬದ ಹತ್ತಿರ ನಿಂತವರ ಕಡೆ ನೋಡಿದರು. ಎದ್ದು ಹತ್ತಿರ ಹೋಗಿ, ಊರಿನವರೆಲ್ಲ ನೋಡುತ್ತಿದ್ದ ಹಾಗೇ, ಗಂಡನ ಕತ್ತಿನ ಹತ್ತಿರ ಮೂಗಿಟ್ಟರು.

"ಏನ್ರೀ ಇದು!" ಅಂದರು. "ಥೂ! ಇದನ್ನ ಆಕ್ಕಂಡು ಊರೂರು ತಿರುಗಿದ್ರಾ ನೀವು? ಹುಳದ ಮನೆ ಐತೆ ಅನ್ನೋ ಗ್ಯಾನ ಬ್ಯಾಡ್ವಾ ನಿಮ್ಗೆ?"

"ಇನ್ನೊಂದ್ಸಲ ಬೈಯಿ" ಅಂದರು ಮಾವ.

ಅತ್ತೆ ಬೈದರು. ಅಳುತ್ತಾ ಬೈದರು, ನಗುತ್ತಾ ಬೈದರು. ಅಮ್ಮ ಪಕ್ಕದಲ್ಲಿ ನಿಂತು, "ಬೈಯಿ ಕಣೇ, ನನ್ನ ಪಾಲಿಂದೂ ಸೇರ್ಸಿ ಬೈಯಿ!" ಅಂತ ಹುರಿದುಂಬಿಸುತ್ತಿದ್ದಳು. ಏನಾಗುತ್ತಿದೆ ಅಂತ ತಿಳಿಯದ ಊರಿನ ಹೆಂಗಸರು ಬಾಯಿಮೇಲೆ ಕೈಯಿಟ್ಟುಕೊಂಡು ನೋಡಿದರು.

ಬೇರೆ ವಾಸನೆಗಳು ಅತ್ತೆಗೆ ಇನ್ನೂ ಬಂದಿರಲಿಲ್ಲ. ಸೊಪ್ಪು, ಗೂಡು ಎಲ್ಲವನ್ನೂ ಅವತ್ತೇ ಮೂಸಿ ನೋಡಿದರು, ಯಾವುದೂ ಹತ್ತಲಿಲ್ಲ. ಆದರೂ ಕೊಟ್ಟ ಮಾತು ಕೊಟ್ಟ ಮಾತೇ ಅಂತ ಮಾವ ನಲ್ಲಿಯ ಹತ್ತಿರ ಹೋಗಿ, ಜೇಬಿನಿಂದ ಆ ಪುಟ್ಟ ಬಾಟಲಿ ತೆಗೆದು, ಮುಚ್ಚಳ ತಿರುವಿ ಮೋರಿಗೆ ಬಗ್ಗಿಸಹೊರಟರು. ಅತ್ತೆ ಓಡಿ ಹೋಗಿ ಕೈ ಹಿಡಿದುಕೊಂಡರು. "ಚೆಲ್ಬ್ಯಾಡಿ, ಕೊಡಿ ಇಲ್ಲಿ" ಅಂತ ಕಿತ್ತುಕೊಂಡು ಮೂಗಿಗೆ ಹಿಡಿದರು. ಕಣ್ಣು ಮುಚ್ಚಿದರು. ಬಹಳ ಹೊತ್ತು ತೆಗೆಯಲಿಲ್ಲ. ಈ ಸಲ ಬಿಪಿ ಮಾತ್ರೆಗೆ ಯಾರೂ ಓಡಲಿಲ್ಲ.

"ಅವತ್ತು ನಿಂಬೆಹಣ್ಣು ಒಸಿ ಜಾಸ್ತಿ ಹಿಂಡ್ಬುಟ್ಟಿದ್ದೆ, ಅಲ್ವಾ?" ಅಂದರು.

"ಇಲ್ಲ ಕಣಮ್ಮಿ" ಅಂದರು ಮಾವ. "ಸರಿಯಾಗೇ ಇತ್ತು."